ಒಂದು ಸಾಲು ಬಿಡಿಸಿ ನೋಡಿ

202116096.

ಕಳೆದ ಭಾನುವಾರ ಇಬ್ಬರು ಮಕ್ಕಳು ಮನೆಗೆ ಬಂದು ಈ ಸಂಖ್ಯೆಯನ್ನು ನನ್ನ ಮುಂದಿಟ್ಟರು. ಹುಡುಗಿ ಕುರುಗೋಡಿನವಳು, ಹುಡುಗ ಸಿರುಗುಪ್ಪದವನು. ಇಬ್ಬರೂ ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ಹಳೆಯ ಬೇಸಿಕ್ ಆಟಗಳ ಮೇಲೆ ಸೆಮಿನಾರು ಕೊಡಬೇಕಂತೆ. ಗೊರಿಲ್ಲಾ ಆಟದ ಕೋಡು ಮೊಬೈಲಿನಲ್ಲಿತ್ತು.

“ಕಟ್ಟಡ ಕಟ್ಟೋದು ತಿಳೀತು ಸರ್, ಗಾಳಿ ಲೆಕ್ಕಾನೂ ತಿಳೀತು. ಈ ನಂಬರಿನ ಸಾಲು ಮಾತ್ರ ಏನಂತ ತಿಳೀವಲ್ದು” ಅಂದಳು ಆಕೆ.

“ಅಷ್ಟೊಂದು ಬ್ಯಾಡ ಸರ್, ಅದನ್ನ ಬಿಟ್ಟು ಮುಂದಕ್ಕೆ ಹೋಗೋಣ ಅಂತ ಮಾಡೀವಿ” ಅಂದ ಆತ.

ಬಿಡಬೇಡಿ ಅಂದೆ. ಅಂದು ಹೇಳಿದ್ದು ಸ್ವಲ್ಪ, ಅವರು ಬಸ್ಸಿಗೆ ಓಡಿದ ಮೇಲೆ ನೆನಪಾದದ್ದು ಬಹಳ. ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ, ಅವರಂಥ ಉಳಿದ ಮಕ್ಕಳಿಗೂ ಆದೀತೆಂದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಪಟ್ಟಣದ ಎರಡು ಮಹಡಿಗಳ ಮೇಲೆ ಎರಡು ಗೊರಿಲ್ಲಾಗಳು. ಕೋನ ಎಷ್ಟು, ವೇಗ ಎಷ್ಟು ಎಂದು ನೀವು ಹೇಳಬೇಕು. ಗೊರಿಲ್ಲಾ ಬಾಳೆಹಣ್ಣು ಎಸೆಯುತ್ತದೆ. ಅದು ತಿರುಗುತ್ತಾ ಹೋಗಿ ಎದುರಾಳಿಗೆ ಬಡಿದರೆ ಗೆದ್ದಿರಿ. 1991ರಲ್ಲಿ ಎಂಎಸ್-ಡಾಸ್ 5 ಬಂದಾಗ ಅದರ ಜೊತೆ ಕ್ಯೂಬೇಸಿಕ್ ಬಂತು, ಕ್ಯೂಬೇಸಿಕ್ ಜೊತೆ ಮಾದರಿಗೆಂದು ಈ ಆಟ ಬಂತು. ಅದಕ್ಕೂ ಹತ್ತು ವರ್ಷ ಮೊದಲು, 1981ರಲ್ಲಿ, ಐಬಿಎಂ ಪಿಸಿಯ ಜೊತೆ ಇನ್ನೊಂದು ಆಟ ಬಂದಿತ್ತು. ಬಿಲ್ ಗೇಟ್ಸ್ ಮತ್ತು ನೀಲ್ ಕಾನ್ಜೆನ್ ಇಬ್ಬರೂ ಕೂತು ಬರೆದದ್ದು: ರಸ್ತೆಯಲ್ಲಿ ಕಾರು, ಅಡ್ಡಕ್ಕೆ ಕತ್ತೆ, ತಪ್ಪಿಸಿಕೊಂಡು ಹೋಗಬೇಕು. ಬಳ್ಳಾರಿಯವರಿಗೆ ಆ ಆಟಕ್ಕೆ ಕಂಪ್ಯೂಟರು ಬೇಕಿರಲಿಲ್ಲ ಅನ್ನಿ.

ಈ ಆಟಗಳ ವಿಶೇಷ ಆಟದಲ್ಲಿಲ್ಲ. ಕೋಡು ಬಿಚ್ಚಿಟ್ಟುಕೊಂಡೇ ಬಂದವು, ಅದು ವಿಶೇಷ. ಕೆಮೆನಿ ಮತ್ತು ಕರ್ಟ್ಜ್ ಎಂಬ ಇಬ್ಬರು ಮೇಷ್ಟ್ರುಗಳು 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಬೇಸಿಕ್ ಭಾಷೆ ಕಟ್ಟಿದ್ದೇ ವಿಜ್ಞಾನ ಓದದ ಹುಡುಗರೂ ಯಂತ್ರದ ಜೊತೆ ಮಾತಾಡಲಿ ಎಂದು. ಆಡುವವನು ಆಟ ನಿಲ್ಲಿಸಿ ಅದರ ಹೊಟ್ಟೆಯೊಳಗೆ ಇಣುಕಬಹುದಿತ್ತು. ನಾವು ಇಣುಕಿದೆವು. ಬಹಳ ಮಂದಿ ಗೊರಿಲ್ಲಾದ ಮಾತು ಬದಲಿಸಿ, ಗೆಳೆಯನ ಹೆಸರು ಹಾಕಿ, ನಕ್ಕು ಎದ್ದು ಹೋದರು. ನಾನೂ ಮೊದಮೊದಲು ಅಷ್ಟನ್ನೇ ಮಾಡಿದೆ.

ಆಗ ಬಳ್ಳಾರಿಯಲ್ಲಿ ಕಂಪ್ಯೂಟರ್ ಕಲಿಯುವುದೆಂದರೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವುದು. ಮೇ ತಿಂಗಳ ಬಿಸಿಲಲ್ಲಿ ಬಸ್ ನಿಲ್ದಾಣದಿಂದ ನಡೆದು ಬಂದವನಿಗೆ ಆ ಏಸಿ ಕೋಣೆ ಗರ್ಭಗುಡಿಯ ಹಾಗೆ. ಒಂದು ಯಂತ್ರಕ್ಕೆ ಇಬ್ಬರು, ವಾರಕ್ಕೆ ಎರಡು ತಾಸು. ನಾನು ಕುರುಗೋಡಿನಿಂದ ಬರುತ್ತಿದ್ದೆ. ಕುರುಗೋಡು ಆಗಿನ್ನೂ ತಾಲ್ಲೂಕು ಆಗಿರಲಿಲ್ಲ. ಊರಲ್ಲಿ ಕಂಪ್ಯೂಟರ್ ಇರಲಿ, ಸಂಜೆ ಕರೆಂಟೇ ಇದ್ದರೆ ಪುಣ್ಯ.

ಕೋರ್ಸು ಮುಗಿದ ಮೇಲೆ ಸಿರುಗುಪ್ಪದ ಒಂದು ಸಣ್ಣ ಸೆಂಟರಿನಲ್ಲಿ ಕಲಿಸುವ ಕೆಲಸ ಸಿಕ್ಕಿತು. ಹುಡುಗರು ಆಡಿ ಹಾಳಾಗುತ್ತಾರೆಂದು ಅಲ್ಲಿ ಆಟದ ಫೈಲುಗಳನ್ನೆಲ್ಲ ಅಳಿಸಿಹಾಕಿದ್ದರು. ಕ್ಯೂಬೇಸಿಕ್ ಮಾತ್ರ ಉಳಿದಿತ್ತು. ಡಾಸಿನಲ್ಲಿ ಬರೆಯಲು ಇದ್ದ ಎಡಿಟ್ ಎಂಬ ಸಾಧನ ನಡೆಯಬೇಕಾದರೆ ಕ್ಯೂಬೇಸಿಕ್ ಇರಲೇಬೇಕು. ಅದನ್ನು ಅಳಿಸಿದರೆ ಮಾಲೀಕರ ಕಾಗದಪತ್ರವೂ ನಿಲ್ಲುತ್ತಿತ್ತು! ನಾನು ಬಳ್ಳಾರಿಯ ಗೆಳೆಯನನ್ನು ಕಾಡಿ ಆಟದ ಕೋಡನ್ನು ಕಾಗದದ ಮೇಲೆ ಮುದ್ರಿಸಿಕೊಂಡೆ. ಸಾವಿರಕ್ಕೂ ಮೇಲ್ಪಟ್ಟ ಸಾಲು, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು, ಸವೆದ ರಿಬ್ಬನ್ನು. ಅಷ್ಟನ್ನೂ ಟೈಪು ಮಾಡುವ ತಾಳ್ಮೆ ಯಾರಿಗಿತ್ತು? ಬಾಳೆಹಣ್ಣು ಒಂದನ್ನಾದರೂ ಪರದೆಗೆ ತರೋಣ ಎಂದು ಆ ಸಂಖ್ಯೆಗಳನ್ನಷ್ಟೇ ಟೈಪು ಮಾಡಿ, ಮೇಲೆ ನಾಲ್ಕು ಸಾಲು ಸೇರಿಸಿ, ಓಡಿಸಿದೆ.

ಬಾಳೆಹಣ್ಣು ಬಂತು. ಆದರೆ ಅದರ ನಡುವೆ ಒಂದು ಸಾಲು ಕೆಟ್ಟಿತ್ತು. ಹಳದಿ ಇರಬೇಕಾದ ಮೂರು ಚುಕ್ಕಿ ಬೂದಿ ಬಣ್ಣಕ್ಕೆ ತಿರುಗಿದ್ದವು. ಎಡಕ್ಕೆ ಎರಡು, ಬಲಕ್ಕೆ ಒಂದು, ಯಾವ ಸಂಬಂಧವೂ ಇಲ್ಲದ ಬೇರೆ ಬಣ್ಣದ ಚುಕ್ಕಿಗಳು ಅಂಟಿಕೊಂಡಿದ್ದವು. ಹುಳ ಹಿಡಿದ ಹಣ್ಣು. ಕಾಗದ ನೋಡಿ ಮತ್ತೆ ಟೈಪು ಮಾಡಿದೆ, ಅದೇ ಹುಳ. ಮಾನಿಟರಿನ ತಲೆಗೂ ಒಂದು ಬಾರಿಸಿದೆ.

ಶನಿವಾರ ರಾತ್ರಿ ಕುರುಗೋಡಿಗೆ ಬಂದು ಜಗಲಿಯ ಮೇಲೆ ಕಂದೀಲು ಇಟ್ಟುಕೊಂಡು, ತಮ್ಮನ ಗಣಿತದ ಚೌಕುಳಿ ನೋಟುಬುಕ್ಕಿನಲ್ಲಿ ಆ ಸಂಖ್ಯೆಗಳನ್ನು ಬಿಡಿಸಿದೆ. ಕೋಡು ಬಳ್ಳಾರಿಯಿಂದ ಬಂದಿತ್ತು, ತಪ್ಪು ಸಿರುಗುಪ್ಪದಲ್ಲಾಯಿತು, ಅರ್ಥವಾದದ್ದು ಮಾತ್ರ ಕಂಪ್ಯೂಟರೇ ಇಲ್ಲದ ಊರಿನಲ್ಲಿ. ಈಗ ನೀವೂ ಒಂದು ಪೆನ್ನು ತೆಗೆದುಕೊಳ್ಳಿ.

ಎಡಕ್ಕೆ ಬಾಗಿದ ಬಾಳೆಹಣ್ಣಿಗೆ ಕೋಡಿನಲ್ಲಿ ಒಂಬತ್ತು ಸಂಖ್ಯೆಗಳಿವೆ. ಮೊದಲನೆಯದು 458758. ಅದನ್ನು 65536ರಿಂದ ಭಾಗಿಸಿ: 7 ಬರುತ್ತದೆ, ಶೇಷ 6. ಅಗಲ ಆರು ಚುಕ್ಕಿ, ಎತ್ತರ ಏಳು ಸಾಲು. ಅಷ್ಟೇ ಅದರ ಕೆಲಸ. ಹೊಲದ ಪಹಣಿಯ ತಲೆಬರಹದ ಹಾಗೆ.

ಎರಡನೆಯದು ನಮ್ಮ 202116096. ಇದನ್ನು 256ರಿಂದ ಭಾಗಿಸಿ. 789516 ಬಂತು, ಶೇಷ 0. 789516 ಅನ್ನು ಮತ್ತೆ ಭಾಗಿಸಿ: 3084, ಶೇಷ 12. 3084 ಅನ್ನು ಭಾಗಿಸಿ: 12, ಶೇಷ 12. ಉಳಿದದ್ದು 12. ಶೇಷಗಳನ್ನು ಬಂದ ಕ್ರಮದಲ್ಲೇ ಬರೆದುಕೊಳ್ಳಿ: 0, 12, 12, 12.

ನಾಲ್ಕು ಏಕೆ? ಸ್ಕ್ರೀನ್ 9 ಎಂಬ ವಿಧಾನದಲ್ಲಿ ಪರದೆ ನಾಲ್ಕು ಪದರಗಳದ್ದು: ನೀಲಿ, ಹಸಿರು, ಕೆಂಪು, ಹೊಳಪು. ಮೊದಲ ಅಂಕಿ ನೀಲಿಗೆ, ಆಮೇಲಿನವು ಹಸಿರಿಗೆ, ಕೆಂಪಿಗೆ, ಹೊಳಪಿಗೆ. ನೀಲಿ ಸೊನ್ನೆ. ಹಸಿರು, ಕೆಂಪು ಕೂಡಿ ಹೊಳಪೂ ಸೇರಿದರೆ ಪರದೆಯ ಮೇಲೆ ಹಳದಿ. ಬಾಳೆಹಣ್ಣು ಹಳದಿ ಎಂದು ಕೋಡಿನಲ್ಲಿ ಎಲ್ಲಿಯೂ ಬರೆದಿಲ್ಲ, ಈ ಸಂಖ್ಯೆಯೊಳಗೇ ಅದು ಕೂತಿದೆ.

ಇನ್ನು 12. ಚೌಕುಳಿ ಹಾಳೆಯಲ್ಲಿ ಆರು ಮನೆ ಎಳೆದು ತಲೆಯ ಮೇಲೆ 128, 64, 32, 16, 8, 4 ಎಂದು ಬರೆಯಿರಿ. 12 ಎಂದರೆ 8 ಮತ್ತು 4. ಆ ಎರಡು ಮನೆ ತುಂಬಿ. ನಾಲ್ಕು ಬಿಟ್ಟು ಎರಡು. ಮುಂದಿನ ಸಂಖ್ಯೆ 471604224, ಅದೇ ಲೆಕ್ಕದಲ್ಲಿ 0, 28, 28, 28 ಆಗುತ್ತದೆ. 28 ಎಂದರೆ 16, 8, 4. ಮೂರು ಬಿಟ್ಟು ಮೂರು. ಅದರ ಮುಂದೆ 943208448, ಮೂರು ಸಲ ಒಂದೇ: 0, 56, 56, 56. ಎರಡು ಬಿಟ್ಟು ಮೂರು, ಕೊನೆಯದು ಖಾಲಿ. ಆಮೇಲೆ ಬಂದ ದಾರಿಯಲ್ಲೇ ವಾಪಸು: ಮೂರು ಬಿಟ್ಟು ಮೂರು, ನಾಲ್ಕು ಬಿಟ್ಟು ಎರಡು. ಏಳು ಸಾಲು ಮುಗಿಯಿತು. ಒಂಬತ್ತನೆಯ ಸಂಖ್ಯೆ ಸೊನ್ನೆ, ಅದು ಬರೀ ಕೊಸರು.

ಹಾಳೆಯನ್ನು ದೂರ ಹಿಡಿದು ನೋಡಿ. ಕಂಪ್ಲಿ ಸಂತೆಯ ಬಾಳೆಹಣ್ಣಿನಷ್ಟು ಚಂದ ಇಲ್ಲದಿರಬಹುದು, ಆದರೆ ಬಾಳೆಹಣ್ಣೇ.

ನನ್ನ ಹುಳವೂ ಅಂದು ಸಿಕ್ಕಿತು. ಸವೆದ ರಿಬ್ಬನ್ನಿನಲ್ಲಿ 3 ನನಗೆ 8ರ ಹಾಗೆ ಕಂಡಿತ್ತು. ನಡುವಿನ ಮೂರು ಸಾಲುಗಳಲ್ಲಿ ಒಂದನ್ನು 943208448 ಬದಲು 948208448 ಎಂದು ಟೈಪು ಮಾಡಿದ್ದೆ. ಭಾಗಿಸಿ ನೋಡಿದರೆ 0, 56, 56, 56ರ ಜಾಗದಲ್ಲಿ 64, 131, 132, 56. ಹಸಿರು ಹೋಯಿತು, ಕೆಂಪು ಹೋಯಿತು, ಹೊಳಪಿನ 56 ಮಾತ್ರ ತನ್ನ ಜಾಗದಲ್ಲಿ ಉಳಿಯಿತು. ಬರೀ ಹೊಳಪು ಉಳಿದರೆ ಅದೇ ಬೂದಿ ಬಣ್ಣ. ಪರದೆಯ ಮೇಲೆ ಕಂಡ ಪ್ರತಿಯೊಂದು ಕೆಟ್ಟ ಚುಕ್ಕಿಗೂ ಹಾಳೆಯ ಮೇಲೆ ಲೆಕ್ಕ ಸಿಕ್ಕಿತು. ಸೋಮವಾರ ಸಿರುಗುಪ್ಪಕ್ಕೆ ಹೋಗಿ ಒಂದು ಅಂಕಿ ತಿದ್ದಿದೆ, ಹಣ್ಣು ಸರಿಯಾಯಿತು. ಆ ವಯಸ್ಸಿನಲ್ಲಿ ನನಗೆ ಅದಕ್ಕಿಂತ ದೊಡ್ಡ ಸಂತೋಷ ಬೇರೆ ಯಾವುದೂ ಆಗಿದ್ದಿಲ್ಲ, ಮೊದಲ ಸಂಬಳ ಸೇರಿದಂತೆ.

ಇಂಥ ಚಿತ್ರಗಳ ಬಗ್ಗೆ ಹೇಳುವಾಗ ಎಲ್ಲರೂ ಚುಕ್ಕಿ ರಂಗೋಲಿಯ ಹೋಲಿಕೆ ಕೊಡುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ರಂಗೋಲಿಯ ಚುಕ್ಕಿ ದಾರಿ ತೋರಿಸುವ ಕಲ್ಲು. ಗೆರೆ ಅದನ್ನು ಸುತ್ತಿಕೊಂಡು ಹೋಗುತ್ತದೆ, ಕಾಣುವುದು ಗೆರೆಯೇ. ಪರದೆಯಲ್ಲಿ ಚುಕ್ಕಿಯೇ ಚಿತ್ರ. ಹೋಲಿಕೆ ಬೇಕೇ ಬೇಕೆಂದರೆ ಸಂಗನಕಲ್ಲು ಕಡೆ ಹೋಗಿ, ಕುಪ್ಪಗಲ್ಲಿನ ಗುಡ್ಡ ಹತ್ತಿ. ನವಶಿಲಾಯುಗದ ಮಂದಿ ಅಲ್ಲಿ ಕಪ್ಪು ಬಂಡೆಗಳ ಮೇಲೆ ಉದ್ದ ಕೊಂಬಿನ ಎತ್ತುಗಳನ್ನು ಮಾಡಿಟ್ಟಿದ್ದಾರೆ. ಕೆತ್ತಿದ್ದಲ್ಲ, ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ ಮಾಡಿದ್ದು. ಹತ್ತು ಹೆಜ್ಜೆ ದೂರದಿಂದ ಎತ್ತು. ಮೂಗು ತಾಗುವಷ್ಟು ಹತ್ತಿರ ಹೋದರೆ ಬರೀ ಪೆಟ್ಟಿನ ಗುರುತು, ಒಂದರ ಪಕ್ಕ ಒಂದು. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫುಟ್ ಹೆಸರಿನ ವಸ್ತುಸಂಗ್ರಹಾಲಯವೂ ಇದೆ, ಬಿಸಿಲಿಗೆ ಗುಡ್ಡ ಹತ್ತಲಾರದವರು ಮೊದಲು ಅಲ್ಲಿಗೆ ಹೋಗಬಹುದು. ಕೋಡು ಓದುವುದೂ ಹೀಗೇ: ಎತ್ತು ಕಾಣುವಷ್ಟು ದೂರ ಒಮ್ಮೆ, ಪೆಟ್ಟು ಕಾಣುವಷ್ಟು ಹತ್ತಿರ ಒಮ್ಮೆ. ನೀವು ದೂರದಿಂದ ನೋಡಿ ಬಂದಿದ್ದಿರಿ.

ಚಿತ್ರ ನಿಂತಲ್ಲೇ ನಿಂತರೆ ಆಟ ಹೇಗಾದೀತು? ಹಣ್ಣು ಹಾರಬೇಕು, ಹಾರಿದ ಜಾಗ ಮೊದಲಿನಂತೆ ಆಗಬೇಕು. ಕೋಡಿನಲ್ಲಿ ಪುಟ್ ಎಂಬ ಆಜ್ಞೆ ಇದೆ, ಅದರ ಬಾಲದಲ್ಲಿ ಒಂದು ಕಡೆ ಪಿಸೆಟ್, ಇನ್ನೊಂದು ಕಡೆ ಎಕ್ಸ್‌ಆರ್. ಪಿಸೆಟ್ ಎಂದರೆ ಇದ್ದದ್ದರ ಮೇಲೆ ಹಾಕಿಬಿಡು. ಎಕ್ಸ್‌ಆರ್ ನಿಮ್ಮ ಮನೆಯ ಮೆಟ್ಟಿಲಿನ ದೀಪದ ಹಾಗೆ. ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್. ದೀಪ ಉರಿಯುತ್ತಿದ್ದರೆ ಒತ್ತಿದಾಗ ಆರುತ್ತದೆ, ಆರಿದ್ದರೆ ಉರಿಯುತ್ತದೆ. ಒಂದೇ ಚಿತ್ರವನ್ನು ಒಂದೇ ಜಾಗದಲ್ಲಿ ಎರಡು ಸಲ ಹಾಕಿದರೆ ಏನೂ ಹಾಕದಂತೆ. ಗೊರಿಲ್ಲಾದಲ್ಲಿ ಹಣ್ಣನ್ನು ಪಿಸೆಟ್‌ನಿಂದ ಹಾಕುತ್ತಾರೆ, ಎಕ್ಸ್‌ಆರ್‌ನಿಂದ ಅಳಿಸುತ್ತಾರೆ. ಆಕಾಶ ನೀಲಿಯಾಗಿ ಕಂಡರೂ ಅದರ ಬಣ್ಣದ ಸಂಖ್ಯೆ ಸೊನ್ನೆಯೇ. ಪ್ಯಾಲೆಟ್ ಆಜ್ಞೆಯಿಂದ ಸೊನ್ನೆಗೆ ನೀಲಿ ಅಂಗಿ ತೊಡಿಸಿದ್ದಾರೆ. ಹಾಗಾಗಿ ಅಳಿಸಿದ ಜಾಗ ತಾನಾಗಿ ಆಕಾಶವಾಗುತ್ತದೆ. ಎಡ, ಮೇಲೆ, ಕೆಳ, ಬಲ ಎಂದು ನಾಲ್ಕು ಹಣ್ಣಿನ ಚಿತ್ರಗಳನ್ನು ಸರದಿಯಲ್ಲಿ ಹಾಕಿ ಅಳಿಸಿದರೆ ಹಣ್ಣು ತಿರುಗಿದಂತೆ ಕಾಣುತ್ತದೆ. ಅದು ಸಾಗುವ ದಾರಿ ನೀವು ಪಿಯುಸಿಯಲ್ಲಿ ಓದಿದ ಕ್ಷಿಪಣಿಯ ಸಮೀಕರಣವೇ, ಅದನ್ನು ಮತ್ತೆ ಹೇಳುವುದಿಲ್ಲ.

ನನಗೆ ಬಹಳ ಇಷ್ಟವಾದದ್ದು ಬೇರೆ. ಹಣ್ಣು ಕಟ್ಟಡಕ್ಕೆ ಬಡಿಯಿತೋ ಇಲ್ಲವೋ ಎಂದು ಆಟಕ್ಕೆ ಹೇಗೆ ಗೊತ್ತಾಗುತ್ತದೆ? ಇಂದಿನ ಮಕ್ಕಳು ಕಟ್ಟಡಗಳ ಪಟ್ಟಿ ಮಾಡಿ, ಒಂದೊಂದರ ನಾಲ್ಕು ಮೂಲೆ ಬರೆದಿಟ್ಟು, ಪ್ರತಿ ಹೆಜ್ಜೆಗೂ ಹೋಲಿಸುತ್ತೀರಿ. ಇಲ್ಲಿ ಅದಿಲ್ಲ. ಪಾಯಿಂಟ್ ಎಂಬ ಆಜ್ಞೆಯಿಂದ ಪರದೆಯನ್ನೇ ಕೇಳುತ್ತಾರೆ: ಹಣ್ಣು ಹೋಗಬೇಕಾದ ಜಾಗದಲ್ಲಿ ಈಗ ಯಾವ ಬಣ್ಣ ಇದೆ? ಸೊನ್ನೆ ಇದ್ದರೆ ಬಯಲು, ಹೋಗು. ಬೇರೆ ಇದ್ದರೆ ಬಡಿಯಿತು. ಕಟ್ಟಡ ಸ್ಫೋಟಿಸಿದಾಗ ಅಲ್ಲಿ ಸೊನ್ನೆ ಬಣ್ಣ ಬಳಿದು ತೂತು ಮಾಡುತ್ತಾರೆ, ಮುಂದಿನ ಹಣ್ಣು ಆ ತೂತಿನೊಳಗೆ ನುಗ್ಗಿ ಹೋಗುತ್ತದೆ. ಆ ಕಟ್ಟಡ ಎಷ್ಟು ಒಡೆದಿದೆ ಎಂಬ ಲೆಕ್ಕವನ್ನು ಯಾರೂ ಬೇರೆ ಇಟ್ಟಿಲ್ಲ. ಬರೆದ ಚಿತ್ರವೇ ಖಾತೆಪುಸ್ತಕ.

ಸೂರ್ಯನ ವಿಚಾರ ಇನ್ನೂ ತಮಾಷೆಯದು. ಮೇಲೆ ನಗುಮುಖದ ಸೂರ್ಯ ಇದ್ದಾನೆ, ಅವನಿಗೂ ಬಣ್ಣ ಇದೆ. ಹಣ್ಣು ಅವನ ಮೇಲೆ ಹಾದರೆ, ಅಳಿಸುವಾಗ ಅವನ ಕೆನ್ನೆಯೇ ಕಿತ್ತುಬರಬೇಕು. ಅದಕ್ಕೆ ಮಾಡಿದ ಉಪಾಯ ನೋಡಿ: ಹಣ್ಣು ತಗುಲಿದ ಕೂಡಲೇ ಸೂರ್ಯ ಗಾಬರಿಯಿಂದ ಬಾಯಿ ತೆರೆಯುತ್ತಾನೆ, ಮತ್ತು ಹಣ್ಣು ಅವನನ್ನು ದಾಟುವವರೆಗೆ ಹಣ್ಣನ್ನು ತೋರಿಸುವುದೇ ಇಲ್ಲ! ನಾವು ಆಡುವವರು ಸೂರ್ಯನ ಬಾಯಿ ನೋಡಿ ನಗುತ್ತಿದ್ದೆವು, ಹಣ್ಣು ಮಾಯವಾದದ್ದು ಎಷ್ಟೋ ದಿನ ಗಮನಕ್ಕೇ ಬರಲಿಲ್ಲ. ಸೋಮಾರಿತನ ಎನ್ನಿ, ಜಾಣತನ ಎನ್ನಿ. ಕೋಡಿನಲ್ಲಿ ಒಂದು ಷರತ್ತು ಯಾಕಿದೆ ಎಂದು ತಿಳಿಯದಿದ್ದರೆ ಅದನ್ನು ತೆಗೆದು ಓಡಿಸಿ ನೋಡಿ. ಸೂರ್ಯನ ಕೆನ್ನೆ ಕಿತ್ತುಬಂದಾಗ ಯಾಕೆಂದು ತಿಳಿಯುತ್ತದೆ.

ಹುಡುಗ ಒಂದು ಪ್ರಶ್ನೆ ಕೇಳಿದ: ಇದಕ್ಕಿಂತ ಹಳೆಯ ಆಟಗಳಲ್ಲಿ ಪುಟ್ ಬಿಟ್ಟು ಪೋಕ್ ಎಂದು ನೇರ ಮೆಮರಿಗೇ ಬರೆಯುತ್ತಾರಲ್ಲ, ಅಲ್ಲಿ ಸಾಲುಗಳು ಯಾಕೆ ಅಡ್ಡಾದಿಡ್ಡಿ? ಸಿರುಗುಪ್ಪದವನಿಗೆ ಭತ್ತದ ನಾಟಿಯ ಮಾತಲ್ಲೇ ಹೇಳಿದೆ. 1981ರ ಸಿಜಿಎ ಕಾರ್ಡಿನಲ್ಲಿ 320 ಚುಕ್ಕಿ ಅಗಲ, 200 ಎತ್ತರ, ನಾಲ್ಕು ಬಣ್ಣ. ಒಂದು ಬೈಟಿನಲ್ಲಿ ನಾಲ್ಕು ಚುಕ್ಕಿ, ಒಂದು ಸಾಲಿಗೆ 80 ಬೈಟು. ಆದರೆ ನಾಟಿ ಸಾಲು ಬಿಟ್ಟು ಸಾಲು. ಮೊದಲು ಸರಿ ಸಾಲುಗಳು, ಬೆಸ ಸಾಲುಗಳು 8192ನೇ ಬೈಟಿನಿಂದ. ಅದಕ್ಕೇ 80ನೇ ಬೈಟಿಗೆ ಬರೆದರೆ ಚುಕ್ಕಿ ಕೆಳಗಿನ ಸಾಲಿಗೆ ಬೀಳದೆ, ಒಂದನ್ನು ಹಾರಿ ಅದರ ಕೆಳಗಿನದಕ್ಕೆ ಬೀಳುತ್ತದೆ. ಇಷ್ಟು ಗೊತ್ತಿದ್ದರೆ ಸಾಕು, ಆ ಕಾಲದ ಅರ್ಧ ಆಟಗಳ ಚಿತ್ರ ಬಿಡಿಸಬಹುದು.

ಈಗ ನೀವು ಕೇಳದೇ ಇದ್ದದ್ದನ್ನು ಒಂದೆರಡು ಹೇಳಿಬಿಡುತ್ತೇನೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಇದನ್ನೆಲ್ಲ ಓಡಿಸಲು ಡಾಸ್‌ಬಾಕ್ಸ್ ಇದೆ, ಕ್ಯೂಬಿ64 ಇದೆ, ದುಡ್ಡು ಕೊಡಬೇಕಿಲ್ಲ. ಇಡೀ ಆಟವನ್ನು ಮೊದಲ ದಿನವೇ ಅರ್ಥ ಮಾಡಿಕೊಳ್ಳಲು ಹೋಗಬೇಡಿ. ಹಣ್ಣನ್ನು ಮಾತ್ರ ಕಿತ್ತು ಬೇರೆ ಫೈಲಿಗೆ ತನ್ನಿ. ಹತ್ತು ಸಾಲಿನಲ್ಲಿ ಅದು ಪರದೆಗೆ ಬರುತ್ತದೆ. ಒಂದು ಸಂಖ್ಯೆ ಬದಲಿಸಿ, ಓಡಿಸುವ ಮೊದಲು ಏನಾಗುತ್ತದೆಂದು ಹಾಳೆಯ ಮೇಲೆ ಬರೆದಿಡಿ, ಆಮೇಲೆ ಓಡಿಸಿ. ಬರೆದದ್ದು ತಪ್ಪಿದರೆ ಬೇಜಾರು ಬೇಡ, ಅಲ್ಲೇ ಪಾಠ ಇರುವುದು. ಚಾಟ್‌ಬಾಟನ್ನು ಕೇಳಿದರೆ ಇದನ್ನೆಲ್ಲ ಒಂದು ಗಳಿಗೆಯಲ್ಲಿ ಹೇಳುತ್ತದೆ ಎಂದು ನನಗೂ ಗೊತ್ತು, ನಾನೂ ಕೇಳುತ್ತೇನೆ. ಆದರೆ ಒಂದು ಸಾಲನ್ನಾದರೂ ಕೈಯಾರೆ ಭಾಗಿಸಿದವನಿಗೆ ಅದು ತಪ್ಪು ಹೇಳಿದಾಗ ತಪ್ಪೆಂದು ತಿಳಿಯುತ್ತದೆ. ಉಳಿದವರಿಗೆ ಹುಳ ಹಿಡಿದ ಹಣ್ಣೂ ಹಣ್ಣೇ.

ಸೆಮಿನಾರಿಗೆ ಎಡಕ್ಕೆ ಬಾಗಿದ ಹಣ್ಣನ್ನು ನನ್ನ ಹೆಸರು ಹೇಳದೆ ಧಾರಾಳವಾಗಿ ಬಳಸಿ. ಉಳಿದ ಮೂರನ್ನು ನಾನು ಬಿಡಿಸಿಕೊಡುವುದಿಲ್ಲ. ಕೆಳಗೆ ಬಾಗಿದ ಹಣ್ಣಿನ ಮೊದಲ ಸಂಖ್ಯೆ 262153. ಅಗಲ ಒಂಬತ್ತು ಬರುತ್ತದೆ, ಹಾಗಾಗಿ ಒಂದು ಸಾಲಿನ ಒಂದು ಪದರಕ್ಕೆ ಒಂದು ಬೈಟು ಸಾಲದು, ಎರಡು ಬೇಕು. ಎರಡನೆಯ ಸಂಖ್ಯೆ ಮೈನಸ್ 2134835200. ಮೈನಸ್ ನೋಡಿ ಹೆದರಬೇಡಿ, ಅದಕ್ಕೆ 4294967296 ಕೂಡಿಸಿ ಆಮೇಲೆ ಭಾಗಿಸಲು ಶುರು ಮಾಡಿ. ಮುಂದಿನ ಭಾನುವಾರ ಹಾಳೆ ತೆಗೆದುಕೊಂಡು ಬನ್ನಿ, ಮೊಬೈಲು ಬೇಡ.